ತೂಬು ಬಿಟ್ಟು ಹೋಗಬೇಡ: ಮಿಡ್‌ಫೀಲ್ಡರ್‌ಗೆ ಜಾಗದ ಪಾಠ

ಫುಟ್‌ಬಾಲ್ ಪಂದ್ಯದಲ್ಲಿ ನಮ್ಮ ಮೇಲೆ ಮೊದಲ ಗೋಲು ಬಿದ್ದಾಗ ನಮ್ಮ ನಡು ಸಾಲಿನ 6ನೇ ನಂಬರಿನ ಹುಡುಗ ಎದುರಾಳಿಯ ಕಾರ್ನರ್ ಫ್ಲ್ಯಾಗ್ ಪಕ್ಕದಲ್ಲಿದ್ದ. ಥ್ರೋ ಎಸೆಯಲು ಅಲ್ಲಿಯವರೆಗೂ ಅವನೇ ಓಡಿದ್ದ. ಅವನ ಕೆಲಸವಲ್ಲ, ಆದರೂ ಹುರುಪು. ಆ ಥ್ರೋ ಎದುರಾಳಿಗೆ ಸಿಕ್ಕಿತು. ನಡು ಮೈದಾನದಲ್ಲಿದ್ದ ಅವರ ಹುಡುಗನೊಬ್ಬ ಚೆಂಡು ಹಿಡಿದು, ನಿಧಾನವಾಗಿ ತಿರುಗಿ, ತಲೆ ಎತ್ತಿ ನೋಡಿ, ನಮ್ಮ ಇಬ್ಬರು ಡಿಫೆಂಡರ್‌ಗಳ ಸಂದಿನಲ್ಲಿ ಪಾಸ್ ತೂರಿಸಿದ. ಅವನ ಸುತ್ತ ಹದಿನೈದು ಹೆಜ್ಜೆಯೊಳಗೆ ನಮ್ಮವರು ಒಬ್ಬರೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಅಪ್ಪಂದಿರೆಲ್ಲ ಗೋಲ್‌ಕೀಪರನ್ನು ಬೈದರು. ಪಂದ್ಯ ಮುಗಿದ ಮೇಲೆ ಆ 6ನೇ ನಂಬರಿನವನ ಬೆನ್ನು ತಟ್ಟಿ, "ಇವನೊಬ್ಬ ನೋಡಿ ಸಾರ್, ಇಡೀ ಗ್ರೌಂಡು ಓಡಿದ" ಅಂದರು.

ಇಡೀ ಗ್ರೌಂಡು ಓಡಿದ್ದೇ ತೊಂದರೆ ಅನ್ನೋದು ನನಗೂ ಅವತ್ತು ಹೊಳೆಯಲಿಲ್ಲ. ರಾತ್ರಿ ಮೊಬೈಲಿನಲ್ಲಿ ಯಾರೋ ಮೇಲಿನ ಮೆಟ್ಟಿಲಿಂದ ತೆಗೆದಿದ್ದ ವಿಡಿಯೋ ನೋಡಿದಾಗ ಕಂಡಿತು. ಬಿದ್ದ ಮೂರು ಗೋಲೂ ಶುರುವಾಗಿದ್ದು ಒಂದೇ ಜಾಗದಿಂದ. ನಮ್ಮ ಡಿಫೆಂಡರ್‌ಗಳ ಮುಂದಿನ ಆ ಬಯಲಿನಿಂದ, ಯಾರೂ ಇಲ್ಲದ ಬಯಲಿನಿಂದ.

ಆಮೇಲೆ ಒಂದೆರಡು ವರ್ಷ ಸಂಜೆ ಹುಡುಗರ ಜೊತೆ ಮಾಡಿ, ತಪ್ಪಿ, ತಿದ್ದಿಕೊಂಡ ಅಭ್ಯಾಸಗಳು ಈ ಕೆಳಗಿವೆ. ಶಾಲೆಯ ಪಿ.ಟಿ. ಮೇಷ್ಟ್ರು, ತಾಲ್ಲೂಕು ಮಟ್ಟದ ತಂಡ ಕಟ್ಟಿಕೊಂಡಿರುವವರು, ಹದಿಮೂರು ಹದಿನಾಲ್ಕು ದಾಟಿದ ಹುಡುಗ ಹುಡುಗಿಯರು, ಇವರಿಗೆ ಅಂತ ಬರೆದದ್ದು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ಹೇಳಬೇಡಿ. ಅವರು ಚೆಂಡಿನ ಹಿಂದೆ ಗುಂಪಾಗಿ ಓಡಲಿ, ಆ ವಯಸ್ಸಿಗೆ ಅದೇ ಚೆಂದ.

ಬೇಕಾದ ಸಾಮಾನು ಕಡಿಮೆ: ಒಂದು ಚೆಂಡು, ಇಪ್ಪತ್ತು ಮೀಟರ್ ನೈಲಾನ್ ಹಗ್ಗ, ಒಂದು ನೋಟ್‌ಬುಕ್ಕು, ಹತ್ತು ಹನ್ನೆರಡು ಕೋನ್. ಕೋನ್ ಇಲ್ಲದಿದ್ದರೆ ನೀರು ತುಂಬಿದ ಬಾಟಲಿ ಸಾಕು. ಖಾಲಿ ಬಾಟಲಿ ಇಟ್ಟರೆ ನಮ್ಮ ಕೋಲಾರದ ಅಂತರಗಂಗೆ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಉರುಳಿಕೊಂಡು ಹೋಗುತ್ತದೆ.

ಮೊದಲು ನೆಲದ ಮೇಲೆ ಕಲ್ಲಿಡಿ

ಬೋರ್ಡು, ಮಾರ್ಕರು ಬೇಡ. ಹುಡುಗರನ್ನು ಸುತ್ತ ಕೂರಿಸಿ ಮಣ್ಣಿನ ಮೇಲೆ ಕಡ್ಡಿಯಿಂದ ಮೈದಾನ ಗೀರಿ. ನಮ್ಮವರಿಗೆ ಹುಣಸೆ ಬೀಜ, ಎದುರಾಳಿಗೆ ಬೆಣಚುಕಲ್ಲು. ನಾಲ್ಕು ಜನ ಹಿಂದೆ, ಮೂರು ಜನ ಮಧ್ಯೆ, ಮೂರು ಜನ ಮುಂದೆ. ಇದು 4-3-3. ಮಧ್ಯದ ಮೂವರ ಕೆಲಸ ಒಂದೇ ತರಹ ಇರುವುದಿಲ್ಲ. 6ನೇ ನಂಬರಿನವನು ಡಿಫೆಂಡರ್‌ಗಳ ಮುಂದೆ ನಿಲ್ಲುವವನು. 8ನೇ ನಂಬರಿನವನು ಎರಡೂ ಪೆನಾಲ್ಟಿ ಬಾಕ್ಸ್‌ಗಳ ನಡುವೆ ಓಡಾಡುವವನು. 10ನೇ ನಂಬರಿನವನು ಎದುರಾಳಿ ಡಿಫೆಂಡರ್‌ಗಳಿಗೂ ಅವರ ಮಿಡ್‌ಫೀಲ್ಡರ್‌ಗಳಿಗೂ ನಡುವಿನ ಸಂದಿನಲ್ಲಿ ಸುಳಿಯುವವನು. ಬೆನ್ನ ಮೇಲೆ ಯಾವ ನಂಬರ್ ಇದೆ ಅನ್ನೋದು ಮುಖ್ಯವಲ್ಲ. ನಮ್ಮ ಕಡೆ ಎಲ್ಲರಿಗೂ 7 ಇಲ್ಲವೇ 10 ಬೇಕು, ಅದು ಬೇರೆ ರಗಳೆ.

ಕೋಲಾರ ಸೀಮೆಗೆ ಈ ಆಟ ಹೊಸದಲ್ಲ. ಚಿನ್ನದ ಗಣಿಯ ಕಾಲದಲ್ಲೇ ಕೆಜಿಎಫ್‌ನಲ್ಲಿ ಬೇರು ಬಿಟ್ಟದ್ದು. ಗಣಿ 2001ರಲ್ಲಿ ಮುಚ್ಚಿತು, ಆಟ ಉಳಿಯಿತು. ಅಲ್ಲಿನ ಹಿರಿಯರ ಜೊತೆ ಮಾತಾಡಿದರೆ 'ಸೆಂಟರ್ ಹಾಫ್' ಅನ್ನುವ ಮಾತು ಕೇಳುತ್ತೀರಿ. ಹಳೆಯ 2-3-5 ಪದ್ಧತಿಯಲ್ಲಿ ಮಧ್ಯದ ಸಾಲಿನ ನಟ್ಟನಡುವೆ ಆಡುತ್ತಿದ್ದವನು ಅವನು. ಹೆಸರು ಬದಲಾಗಿದೆ, ಜಾಗ ಹೆಚ್ಚುಕಡಿಮೆ ಅದೇ.

ಈಗ ಬೀಜಗಳಲ್ಲಿ 6ನೆಯದನ್ನು ಎತ್ತಿ ಮೂಲೆಗಿಟ್ಟು, "ಈಗ ಚೆಂಡು ಕಳೆದುಕೊಂಡರೆ ಏನಾಗುತ್ತೆ?" ಅಂತ ಕೇಳಿ. ಉತ್ತರ ನೀವು ಹೇಳಬೇಡಿ. ಬೆಣಚುಕಲ್ಲನ್ನು ಅವರ ಕೈಯಿಂದಲೇ ನೂಕಿಸಿ. ನಮ್ಮಲ್ಲಿ ಒಬ್ಬಳು ಹುಡುಗಿ ಕಲ್ಲನ್ನು ನೇರ ಗೋಲಿನವರೆಗೂ ತಳ್ಳಿಕೊಂಡು ಹೋಗಿ, "ಬಾಗಿಲೇ ಇಲ್ವಲ್ಲಾ ಸಾರ್" ಅಂದಳು. ಅರ್ಧ ಪಾಠ ಅಲ್ಲಿಗೇ ಮುಗಿಯಿತು.

ನೀರಗಂಟಿಯ ಕತೆ ಹೇಳಿ

ಊರಿನ ಮಕ್ಕಳಾದರೆ ಇದು ಬೇಗ ತಲೆಗೆ ಹತ್ತುತ್ತದೆ. ವರ್ಷವಿಡೀ ಹರಿಯುವ ನದಿ ಇಲ್ಲದ ನಮ್ಮ ಜಿಲ್ಲೆ ಕೆರೆಗಳನ್ನು ನಂಬಿ ಬದುಕಿದ್ದು. ಕೆರೆಗೊಬ್ಬ ನೀರಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕು ಅಂತ ನೋಡುವುದು ಅವನ ಕೆಲಸ. ಹಾಗಂತ ಅವನು ದಿನವಿಡೀ ತೂಬಿನ ಕಲ್ಲಿಗೆ ಒರಗಿ ಕೂತಿರುವುದಿಲ್ಲ. ಸನಿಕೆ ಹೆಗಲಿಗೇರಿಸಿ ಕಾಲುವೆ ಉದ್ದಕ್ಕೂ ಓಡಾಡುತ್ತಾನೆ, ಬದು ಒಡೆದಿದ್ದರೆ ಮಣ್ಣು ಹಾಕುತ್ತಾನೆ. ಆದರೆ ತೂಬಿನ ಕಡೆ ಒಂದು ಕಣ್ಣು ಇದ್ದೇ ಇರುತ್ತದೆ. ನೆಂಟರ ಮದುವೆಗೆ ಹೋಗಲೇಬೇಕಾದರೆ ತಮ್ಮನಿಗೋ ಮಗನಿಗೋ ಒಪ್ಪಿಸಿಯೇ ಊರು ಬಿಡುವುದು.

ನಾನು 'ಜಾಗದ ಶಿಸ್ತು' ಅನ್ನುವಾಗ ನನ್ನ ತಲೆಯಲ್ಲಿರುವುದು ಇಷ್ಟೇ. ತೂಬಿನ ಹತ್ತಿರ ಯಾರಾದರೊಬ್ಬರು ಇರಬೇಕು. ಅದು ನೀನೇ ಆಗಬೇಕೆಂದಿಲ್ಲ. ನೀನು ಹೋದರೆ ಇನ್ನೊಬ್ಬ ಬರಲೇಬೇಕು, ಅವನು ಬಂದದ್ದು ನಿನಗೆ ಗೊತ್ತಿರಲೇಬೇಕು. ನಮ್ಮ ತಂಡದಲ್ಲಿ ಈಗ ಆ ಜಾಗಕ್ಕೆ ಹೆಸರೇ ತೂಬು. ಸೆಂಟರ್ ಸರ್ಕಲ್‌ನ ಹಿಂಬದಿಯಿಂದ ನಮ್ಮ ಪೆನಾಲ್ಟಿ ಬಾಕ್ಸ್‌ನ ಗೆರೆಯವರೆಗಿನ, ಮೈದಾನದ ನಡುಪಟ್ಟಿ. "ತೂಬು!" ಅಂತ ಯಾರಾದರೂ ಕೂಗಿದರೆ ಹತ್ತಿರದವನು ಓಡಿ ಬರುತ್ತಾನೆ. ಎದುರಾಳಿಗೆ ಅರ್ಥವಾಗುವುದಿಲ್ಲ ಅನ್ನೋದು ಮೇಲಿನ ಲಾಭ.

ಎರಡನೆಯದು ಹಗ್ಗ

ಇದಕ್ಕೆ ಎರಡು ವಾರ ಕೊಡಿ, ಅವಸರ ಬೇಡ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಇದೇ.

ಲೆಕ್ಕ ಹೀಗಿದೆ. ದೊಡ್ಡ ಪಂದ್ಯಗಳ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಮಧ್ಯದಲ್ಲಿ ಮೂವರೇ ಇದ್ದರೆ ಒಬ್ಬೊಬ್ಬನ ಪಾಲಿಗೆ ಹತ್ತಿರಹತ್ತಿರ 23 ಮೀಟರ್ ಅಗಲ ಬರುತ್ತದೆ. ಅಷ್ಟನ್ನು ಯಾರಿಂದಲೂ ಕಾಯಲಾಗದು. ಗಟ್ಟಿಯಾದ ಪಾಸ್ ಸೆಕೆಂಡಿಗೆ ಸುಮಾರು 15 ಮೀಟರ್ ಹೋಗುತ್ತದೆ ಅಂತಿಟ್ಟುಕೊಳ್ಳಿ. ಚುರುಕಾದ ಹುಡುಗ ಜೀವ ಬಿಟ್ಟು ಓಡಿದರೂ 7 ಮೀಟರ್. ಅಂದರೆ ಚೆಂಡಿನ ಹಿಂದೆ ಓಡಿ ಗೆದ್ದವರಿಲ್ಲ. ಹಾಗಾದರೆ ಉಪಾಯ? ಮೂವರೂ ಒಟ್ಟಿಗೆ ಚೆಂಡಿನ ಕಡೆ ಜರುಗಿ, ದೂರದ ಬದಿಯನ್ನು ಬೇಕೆಂದೇ ಖಾಲಿ ಬಿಡುವುದು. ಎದುರಾಳಿ ಆ ಬದಿಗೆ ಉದ್ದ ಪಾಸ್ ಹೊಡೆದರೆ ಚೆಂಡು ಗಾಳಿಯಲ್ಲಿ ಎರಡು ಮೂರು ಸೆಕೆಂಡು ಇರುತ್ತದೆ. ಅಷ್ಟರಲ್ಲಿ ಮೂವರೂ ಅತ್ತ ಜರುಗಬಹುದು. ಆದರೆ ಮಧ್ಯದ ಸಂದಿನಲ್ಲಿ ನೆಲಪಾಸ್ ಬಿಟ್ಟರೆ ಜರುಗಲು ಸಮಯವೇ ಇಲ್ಲ.

ಹುಡುಗರಿಗೆ ಈ ಲೆಕ್ಕ ಹೇಳಿದರೆ ಆಕಳಿಸುತ್ತಾರೆ. ಹಗ್ಗ ಕೊಡಿ. ಇಪ್ಪತ್ತು ಮೀಟರ್ ಹಗ್ಗದ ಎರಡು ತುದಿಯಲ್ಲಿ ಇಬ್ಬರು, ನಡುವೆ ಒಬ್ಬ. ಹಗ್ಗ ಸೊಂಟಕ್ಕೆ ಕಟ್ಟಬೇಡಿ, ಎಡವಿದರೆ ಮೂವರೂ ಬೀಳುತ್ತಾರೆ. ಎಡಗೈಯಲ್ಲಿ ಸಡಿಲವಾಗಿ ಹಿಡಿದರೆ ಸಾಕು. ನೀವು ಎದುರಿಗೆ ನಿಂತು ಚೆಂಡನ್ನು ಎಡಕ್ಕೆ ಉರುಳಿಸಿ. ಮೂವರೂ ಎಡಕ್ಕೆ ಜರುಗಬೇಕು, ಹಗ್ಗ ಜೋಲೂ ಬೀಳಬಾರದು, ಬಿಗಿದು ಕೈಯಿಂದ ಜಾರಲೂ ಬಾರದು. ಚೆಂಡಿಗೆ ಹತ್ತಿರದವನು ಒಂದೆರಡು ಹೆಜ್ಜೆ ಮುಂದೆ, ಉಳಿದಿಬ್ಬರು ಅವನ ಹಿಂದೆ ಓರೆಯಾಗಿ. ಸಾಲು ಗೆರೆ ಎಳೆದಂತೆ ನೇರವಾಗಿದ್ದರೆ ಒಂದೇ ಪಾಸಿಗೆ ಮೂವರೂ ಹೊರಗೆ.

ಕಬಡ್ಡಿ ಆಡಿದ ಮಕ್ಕಳು ಇದನ್ನು ಐದೇ ನಿಮಿಷದಲ್ಲಿ ಹಿಡಿಯುತ್ತಾರೆ. ರೈಡರ್ ಎಡಕ್ಕೆ ಬಂದಾಗ ಎಡ ಕಾರ್ನರ್ ಕಾಯುತ್ತಾನೆ, ಕವರ್ ಒಳಕ್ಕೆ ಜರುಗುತ್ತಾನೆ, ಕೈಕೈ ಹಿಡಿದ ಚೈನು ಒಡೆದರೆ ಪಾಯಿಂಟು ಹೋಯಿತು. ಹಾಗಾಗಿ ತಂಡಕ್ಕೆ ಮಿಡ್‌ಫೀಲ್ಡರ್ ಹುಡುಕುವಾಗ ಒಳ್ಳೆ ಕವರ್ ಆಡುವವನನ್ನು ಕಬಡ್ಡಿ ಅಂಕಣದಿಂದಲೇ ಎಳೆದು ತನ್ನಿ. ಅಲ್ಲಿನ ಮೇಷ್ಟ್ರು ಬೈಯುತ್ತಾರೆ, ಬೈಸಿಕೊಳ್ಳಿ.

ಎರಡನೇ ವಾರ ಹಗ್ಗ ತೆಗೆದು, ಚೆಂಡನ್ನೂ ತೆಗೆಯಿರಿ. ನೀವು ಕೈ ತೋರಿಸಿ, "ಚೆಂಡು ಬಲಗಡೆ ಬ್ಯಾಕ್ ಹತ್ತಿರ", "ಚೆಂಡು ನಡುವೆ", "ನಮ್ಮ ಗೋಲಿನ ಮುಂದೆ" ಅಂತ ಕೂಗುತ್ತಾ ಹೋಗಿ. ಹತ್ತು ಜನರೂ ಇಲ್ಲದ ಚೆಂಡಿಗೆ ತಕ್ಕಂತೆ ಜರುಗಬೇಕು. ಮೈದಾನದ ಪಕ್ಕ ಹಾದುಹೋಗುವವರು ನಿಮಗೆ ಹುಚ್ಚು ಅಂದುಕೊಳ್ಳುತ್ತಾರೆ. ಇಟಲಿಯ ಕೋಚ್ ಅರಿಗೋ ಸಾಕಿ ಎಸಿ ಮಿಲಾನ್ ತಂಡಕ್ಕೆ ಮಾಡಿಸುತ್ತಿದ್ದದ್ದು ಇದನ್ನೇ. ಹಿಂದಿನ ಡಿಫೆಂಡರ್‌ನಿಂದ ಮುಂದಿನ ಸ್ಟ್ರೈಕರ್‌ವರೆಗೆ 25 ಮೀಟರ್‌ಗಿಂತ ಹೆಚ್ಚು ಅಂತರ ಇರಬಾರದು ಅನ್ನೋದು ಅವರ ಪಟ್ಟು. ಸ್ವತಃ ಅವರು ವೃತ್ತಿಪರ ಆಟಗಾರರಾಗಿರಲಿಲ್ಲ. ಮಿಲಾನ್ 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. ಆಟಗಾರನಾಗಿರದ ಪಿ.ಟಿ. ಮೇಷ್ಟ್ರಿಗೆ ಯಾರಾದರೂ ಮೂಗು ಮುರಿದರೆ ಈ ಸಂಗತಿ ಉಪಯೋಗಕ್ಕೆ ಬರುತ್ತದೆ.

ನೆರಳು

ಸಂಜೆ ಐದೂವರೆ ಹೊತ್ತಿಗೆ ಸೂರ್ಯ ಬೆಟ್ಟದ ನೆತ್ತಿಗೆ ಇಳಿದಾಗ ಮೈದಾನದ ತುಂಬ ಉದ್ದುದ್ದ ನೆರಳು ಬೀಳುತ್ತದಲ್ಲ, ಆ ಹತ್ತು ನಿಮಿಷ ಇದಕ್ಕೆ ಮೀಸಲಿಡಿ. ಹುಡುಗನನ್ನು ಬೆಟ್ಟಕ್ಕೆ ಮುಖ ಮಾಡಿ ನಿಲ್ಲಿಸಿ, "ಸೂರ್ಯನೇ ಚೆಂಡು ಅಂದುಕೋ. ನಿನ್ನ ನೆರಳು ಯಾರ ಮೇಲೆ ಬಿದ್ದಿದೆಯೋ ಅವನಿಗೆ ಪಾಸ್ ಹೋಗಲ್ಲ" ಅನ್ನಿ. ಹಿಂದೆ ಎದುರಾಳಿ ವೇಷದ ಇನ್ನೊಬ್ಬ ಅತ್ತಿತ್ತ ಸರಿಯಲಿ. ಹಿಂದಿರುಗಿ ನೋಡಿ, ಒಂದೊಂದು ಹೆಜ್ಜೆ ಸರಿದು, ನೆರಳನ್ನು ಅವನ ಮೇಲೆಯೇ ಇಡಬೇಕು.

ಒಬ್ಬ ಮಿಡ್‌ಫೀಲ್ಡರ್ ಚೆಂಡನ್ನು ಮುಟ್ಟದೆ, ಯಾರನ್ನೂ ತಡವದೆ, ನಿಂತ ನಿಲುವಿನಲ್ಲೇ ಒಂದು ಪಾಸನ್ನು ಕೊಲ್ಲಬಹುದು ಅನ್ನೋದು ಹೀಗೆ ಕಣ್ಣಿಗೆ ಕಾಣುತ್ತದೆ. ಮೋಡದ ದಿನ ನಾನು ಬೈಕಿನ ಹೆಡ್‌ಲೈಟ್ ಹಾಕಿ ಮಾಡಿಸಿದ್ದೇನೆ. ಬ್ಯಾಟರಿ ಇಳಿದು ಮನೆಗೆ ತಳ್ಳಿಕೊಂಡು ಹೋದದ್ದೂ ಉಂಟು.

ಕುತ್ತಿಗೆ ತಿರುಗಲಿ

ಜಾಗ ಕಾಯುವವನಿಗೆ ಬೆನ್ನ ಹಿಂದೆ ಏನಿದೆ ಅಂತ ಗೊತ್ತಿರಬೇಕು. ಒಬ್ಬ ಹುಡುಗನಿಗೆ ಎದುರಿನಿಂದ ಪಾಸ್ ಕೊಡಿ. ಅವನ ಹಿಂದೆ ನಿಂತ ಇನ್ನೊಬ್ಬ ಬೆರಳೆತ್ತಿ ಹಿಡಿದಿರುತ್ತಾನೆ: ಎರಡೋ, ಮೂರೋ, ಐದೋ. ಚೆಂಡು ಕಾಲಿಗೆ ಬರುವ ಮುಂಚೆ ತಿರುಗಿ ನೋಡಿ ಸಂಖ್ಯೆ ಕೂಗಬೇಕು. ಚೆಂಡು ಬಂದ ಮೇಲೆ ನೋಡಿದರೆ ಲೆಕ್ಕಕ್ಕಿಲ್ಲ. ಮೈಯನ್ನು ಓರೆ ಮಾಡಿ ನಿಂತರೆ ಎರಡೂ ಕಡೆ ಕಾಣುತ್ತದೆ, ಗೋಡೆಯಂತೆ ನೇರ ನಿಂತರೆ ಕಾಣುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು.

ಯಾರು ಹೋಗಬೇಕು, ಯಾರು ಉಳಿಯಬೇಕು

ಇಲ್ಲಿ ಮಾತು ಬೇಕು. ಬಾಯಿ ಬಿಡದ ತಂಡಕ್ಕೆ ಶಿಸ್ತು ಕಲಿಸಲಾಗದು. ನಮ್ಮ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಕಿವಿ ಕಿತ್ತು ಹೋಗುವಂತೆ ಕಿರುಚುತ್ತಾರೆ, ಮೈದಾನಕ್ಕಿಳಿದರೆ ಮೂಕರಾಗುತ್ತಾರೆ. ಅದಕ್ಕೇ ಮೂರೇ ಮಾತು ಕಲಿಸಿ: "ಹೋದೆ", "ನಿಂತೆ", "ತೂಬು".

8ನೇ ನಂಬರಿನವನು ಮುಂದಕ್ಕೆ ನುಗ್ಗುವಾಗ "ಹೋದೆ" ಅನ್ನಬೇಕು. 6ನೇ ನಂಬರಿನವನು "ನಿಂತೆ" ಅಂತ ಒಪ್ಪಿಕೊಳ್ಳಬೇಕು. ಆ ಉತ್ತರ ಕಿವಿಗೆ ಬೀಳದಿದ್ದರೆ ಹೋದವನು ವಾಪಸ್. 6ನೇ ನಂಬರಿನವನಿಗೇ ಮುಂದೆ ಜಾಗ ಕಂಡರೆ ಅವನೂ ಹೋಗಬಹುದು, "ಹೋದೆ" ಅಂದು, 8ನೆಯವನಿಂದ "ನಿಂತೆ" ಅಂತ ಕೇಳಿಸಿಕೊಂಡು. ಫುಲ್‌ಬ್ಯಾಕ್, ಅಂದರೆ ಬದಿಯ ಡಿಫೆಂಡರ್, ಮೇಲೇರಿದಾಗಲೂ ಇದೇ ಕರಾರು. ಒಬ್ಬ ಏರಿದರೆ ಒಬ್ಬ ಇಳಿಯಬೇಕು. ಏತದ ಎರಡು ತುದಿ ಒಟ್ಟಿಗೆ ಮೇಲೆ ಹೋಗುವುದಿಲ್ಲವಲ್ಲ.

ಅಭ್ಯಾಸ ಹೀಗೆ. ನಿಮ್ಮ ತಂಡದ ಆರು ಜನ ಗೋಲಿನ ಮೇಲೆ ದಾಳಿ ಮಾಡುತ್ತಾರೆ, ಎದುರು ಐದು ಜನ ತಡೆಯುತ್ತಾರೆ. ನೀವು ಯಾವಾಗಲೋ ಒಮ್ಮೆ ಸೀಟಿ ಊದುತ್ತೀರಿ. ಊದಿದ ತಕ್ಷಣ ಆ ಐವರಿಗೆ ಚೆಂಡು. ಅವರು ಆ ಆರು ಜನರ ಹಿಂದಿನ ಚಿಕ್ಕ ಗೋಲಿನ ಕಡೆ ಓಡಬೇಕು, ಆರು ಜನ ಐದು ಸೆಕೆಂಡಿನಲ್ಲಿ ಚೆಂಡು ಕಿತ್ತುಕೊಳ್ಳಬೇಕು, ಇಲ್ಲವೇ ದಾರಿ ಮುಚ್ಚಬೇಕು. ಸೀಟಿ ಊದಿದ ಗಳಿಗೆಯಲ್ಲಿ ತೂಬಿನಲ್ಲಿ ಯಾರೂ ಇಲ್ಲದಿದ್ದರೆ ಆರೂ ಜನ ಹತ್ತು ಬಸ್ಕಿ. ಬಸ್ಕಿ ಹೊಡೆಸುವುದು ಹಳೇ ಕಾಲದ ಪದ್ಧತಿ ಅಂತ ಆಕ್ಷೇಪಿಸುವವರು ಹತ್ತು ಜಿಗಿತ ಹೊಡೆಸಲಿ. ನಾನಂತೂ ಅವರ ಜೊತೆ ನಾನೂ ಹೊಡೆಯುತ್ತೇನೆ, ಮಂಡಿ ಒಪ್ಪಿದ ದಿನ.

ಚೆಂಡು ಕಳೆದುಕೊಂಡ ಮೊದಲ ಐದು ಸೆಕೆಂಡು ಎಷ್ಟು ದುಬಾರಿ ಅಂತ ತೋರಿಸಲು ನಾನು ಒಂದೇ ಪಂದ್ಯ ಹಾಕುತ್ತೇನೆ. 2014ರ ಜುಲೈ 8, ಬೆಲೊ ಹೊರಿಜಾಂಟೆ, ವಿಶ್ವಕಪ್ ಸೆಮಿಫೈನಲ್. ಬ್ರೆಜಿಲ್ ತನ್ನ ನೆಲದಲ್ಲೇ ಜರ್ಮನಿಗೆ 7-1ರಿಂದ ಸೋತ ಪಂದ್ಯ. 23ನೇ ನಿಮಿಷದಿಂದ 29ನೇ ನಿಮಿಷದೊಳಗೆ ನಾಲ್ಕು ಗೋಲು. ನೇಮಾರ್ ಗಾಯಗೊಂಡಿದ್ದರು, ನಾಯಕ ತಿಯಾಗೊ ಸಿಲ್ವಾ ನಿಷೇಧದಿಂದ ಹೊರಗಿದ್ದರು, ಅದೆಲ್ಲ ಸರಿ. ಆದರೆ 26ನೇ ನಿಮಿಷದ ಗೋಲನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಬ್ರೆಜಿಲ್‌ನ ಫರ್ನಾಂಡಿನೊ ತಮ್ಮ ಗೋಲಿನ ಹತ್ತಿರದಲ್ಲೇ ಚೆಂಡನ್ನು ಜರ್ಮನಿಯ ಟೋನಿ ಕ್ರೂಸ್‌ಗೆ ಕಳೆದುಕೊಂಡರು. ಕ್ರೂಸ್ ಮತ್ತು ಖೆದಿರಾ ಇಬ್ಬರೇ ಒಂದೆರಡು ಪಾಸಿನಲ್ಲಿ ಮುಗಿಸಿದರು. ಸುತ್ತಮುತ್ತ ಹಳದಿ ಅಂಗಿ ಬೇಕಾದಷ್ಟಿವೆ, ಆದರೆ ಅವರ ದಾರಿಗೆ ಅಡ್ಡ ಬರುವ ಜಾಗದಲ್ಲಿ ಯಾರೂ ಇಲ್ಲ. ನಮ್ಮ ಹುಡುಗರು ಮೊದಲ ಸಲ ನೋಡಿದಾಗ ನಕ್ಕರು. ಎರಡನೇ ಸಲ ಒಬ್ಬ ನಿಧಾನಕ್ಕೆ, "ಇದು ನಮ್ಮ ಮ್ಯಾಚ್ ತರಾನೇ ಇದೆ ಸಾರ್" ಅಂದ. ಬ್ರೆಜಿಲ್‌ಗೂ ನಮಗೂ ಹೋಲಿಕೆ ಸಿಕ್ಕ ಸಂತೋಷ ನನಗೆ.

ವಕ್ರ ಲೆಕ್ಕದ ಆಟ

ವಾರದ ಕೊನೆಗೆ ಆರಾರು ಜನರ ಆಟ ಆಡಿಸಿ, ಅಂಕದ ನಿಯಮ ಮಾತ್ರ ನಿಮ್ಮದು. ಕೋನ್ ಇಟ್ಟು ತೂಬಿನ ಚೌಕ ಗುರುತು ಮಾಡಿ. ಸುಣ್ಣ ಚೆಲ್ಲುವುದಾದರೆ ಹಸಿ ಸುಣ್ಣ ಬೇಡವೇ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು. ಚೌಕದಲ್ಲಿ ನಮ್ಮವರಿದ್ದಾಗ ಹೊಡೆದ ಗೋಲಿಗೆ ಒಂದು ಅಂಕ. ಚೌಕ ಖಾಲಿ ಇದ್ದಾಗ ಹೊಡೆದದ್ದು ಗೋಲೇ ಅಲ್ಲ. ಚೌಕ ಖಾಲಿ ಇದ್ದಾಗ ಬಿದ್ದ ಗೋಲಿಗೆ ಎದುರಾಳಿಗೆ ಎರಡು ಅಂಕ.

ಮೊದಲ ದಿನ ಭಾರಿ ಜಗಳವಾಗುತ್ತದೆ. ಅದ್ಭುತವಾದ ಗೋಲು ಹೊಡೆದವನು, "ಹೊಡೆದದ್ದು ನಾನು, ಅಲ್ಲಿ ನಿಲ್ಲದೇ ಇದ್ದವನು ಅವನು, ನನ್ನ ಗೋಲು ಯಾಕೆ ಕಳೀತೀರಾ?" ಅಂತ ಅಳುಮುಖ ಮಾಡುತ್ತಾನೆ. ಮಣಿಯಬೇಡಿ. ಎರಡನೇ ದಿನದಿಂದ ಗೋಲು ಹೊಡೆಯುವವನೇ ತಿರುಗಿ ನೋಡಿ "ತೂಬು, ತೂಬು" ಅಂತ ಕೂಗತೊಡಗುತ್ತಾನೆ. ಸ್ಟ್ರೈಕರ್ ಬಾಯಿಂದ ಆ ಮಾತು ಬಂದ ದಿನ ನಾನು ಎಲ್ಲರಿಗೂ ಕಡ್ಲೆಮಿಠಾಯಿ ಕೊಡಿಸಿದೆ.

ಒಂದು ಎಚ್ಚರಿಕೆ. ಚೌಕ ಇಟ್ಟರೆ ಕೆಲವು ಹುಡುಗರು ಅದರೊಳಗೆ ಕಂಬದಂತೆ ನೆಟ್ಟುಕೊಳ್ಳುತ್ತಾರೆ, ಎದುರಾಳಿ ಎರಡು ಮೀಟರ್ ಆಚೆ ಚೆಂಡು ಹಿಡಿದು ನಿಂತರೂ ಕದಲುವುದಿಲ್ಲ. ಮೂರು ಆಟವಾದ ಮೇಲೆ ಕೋನ್ ಎತ್ತಿಬಿಡಿ. ಚೌಕ ಅವರ ತಲೆಯಲ್ಲಿರಲಿ, ಚೆಂಡಿನ ಜೊತೆ ಅದೂ ಜರುಗಲಿ.

ಪಂದ್ಯದ ದಿನ ಎಣಿಸುವುದು

ಗೋಲು ಎಣಿಸಲು ರೆಫರಿ ಇದ್ದಾರೆ. ನೀವು ಬೇರೆಯದನ್ನು ಎಣಿಸಿ. ಬದಲಿ ಆಟಗಾರರಲ್ಲಿ ಒಬ್ಬನಿಗೆ ನೋಟ್‌ಬುಕ್ಕು ಕೊಟ್ಟು ಮೇಲಿನ ಮೆಟ್ಟಿಲಿಗೆ ಕಳಿಸಿ. ಎತ್ತರದಿಂದ ನೋಡಿದರೇ ಸಂದು ಕಾಣುವುದು, ಗೆರೆ ಪಕ್ಕ ನಿಂತ ಕೋಚ್‌ಗೆ ಕಾಲುಗಳು ಮಾತ್ರ ಕಾಣುತ್ತವೆ. ಅವನು ಗೀಟು ಹಾಕಬೇಕಾದ್ದು ಒಂದಕ್ಕೆ: ನಮ್ಮ ಡಿಫೆಂಡರ್‌ಗಳ ಮುಂದೆ ಎದುರಾಳಿಯೊಬ್ಬ ಚೆಂಡು ಪಡೆದು, ಅಡ್ಡಿಯಿಲ್ಲದೆ ನಮ್ಮ ಗೋಲಿನ ಕಡೆ ತಿರುಗಿದ ಸಲವೆಲ್ಲ ಒಂದು ಗೀಟು. ಪಕ್ಕದಲ್ಲಿ ನಿಮಿಷ. ಆಗ ತೂಬಿನಲ್ಲಿ ಇರಬೇಕಾದವನು ಎಲ್ಲಿದ್ದ ಅಂತ ಎರಡು ಪದ: 'ಬಲ ಮೂಲೆ', 'ಗೋಲಿನ ಮುಂದೆ', 'ನಡೀತಿದ್ದ'.

ಮೂರು ನಾಲ್ಕು ಪಂದ್ಯದ ಗೀಟು ಒಟ್ಟಿಗೆ ಇಟ್ಟು ನೋಡಿದರೆ ಕತೆ ತಾನೇ ಹೊರಗೆ ಬರುತ್ತದೆ. ನಮ್ಮ ನೋಟ್‌ಬುಕ್ಕಿನಲ್ಲಿ ಗೀಟುಗಳು ಎರಡು ಕಡೆ ಗುಂಪಾಗಿದ್ದವು: ನಾವು ಗೋಲು ಹೊಡೆದ ಮುಂದಿನ ಐದು ನಿಮಿಷ, ಮತ್ತು ಆಟ ಮುಗಿಯುವ ಕಾಲು ಗಂಟೆ. ಮೊದಲನೆಯದು ಖುಷಿ, ಎರಡನೆಯದು ಸುಸ್ತು. ದೊಡ್ಡವರ ಪಂದ್ಯದಲ್ಲಿ ಮಿಡ್‌ಫೀಲ್ಡರ್ ಹತ್ತರಿಂದ ಹನ್ನೆರಡು ಕಿಲೋಮೀಟರ್ ಓಡುತ್ತಾನೆ. ನಮ್ಮ ಹುಡುಗರು ಮೊದಲರ್ಧದಲ್ಲೇ ಅದನ್ನು ಮುಗಿಸಲು ಹೊರಡುತ್ತಿದ್ದರು. ಜಾಗ ಬಿಟ್ಟವನ ಸಂದು ಮುಚ್ಚಲು ಪಕ್ಕದವನು ಓಡುತ್ತಾನೆ, ಅವನ ಸಂದಿಗೆ ಮತ್ತೊಬ್ಬ. ಒಬ್ಬನ ಅಲೆದಾಟಕ್ಕೆ ಮೂವರ ಕಾಲು ಬೀಳುತ್ತದೆ. ಶಿಸ್ತು ಬಂದ ತಂಡ ಕೊನೆಯ ಕಾಲು ಗಂಟೆಯಲ್ಲೂ ಓಡುತ್ತದಲ್ಲ, ಅದಕ್ಕೆ ಅವರ ಊಟ ಕಾರಣ ಅಂದುಕೊಂಡಿದ್ದೆ ನಾನು. ನಮ್ಮವರದ್ದೂ ರಾಗಿಮುದ್ದೆಯೇ.

ಕಣ್ಣು ಪಳಗಲು ಇನ್ನೊಂದು ಉಪಾಯ: ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಪಂದ್ಯ ಇದ್ದಾಗ ಹುಡುಗರನ್ನು ಕರೆದುಕೊಂಡು ಹೋಗಿ. ಮೇಲಿನ ಸಾಲಿನಲ್ಲಿ ಕೂತು ಹದಿನೈದು ನಿಮಿಷ ಒಬ್ಬನೇ ಮಿಡ್‌ಫೀಲ್ಡರನ್ನು ನೋಡಿ, ಚೆಂಡು ಎಲ್ಲಿದ್ದರೂ ಸರಿ. ಬೆಂಗಳೂರು ಎಫ್‌ಸಿ 2018-19ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ದ ತಂಡದಲ್ಲಿ ಡಿಮಾಸ್ ಡೆಲ್ಗಾಡೊ ಮತ್ತು ಎರಿಕ್ ಪಾರ್ಟಾಲು ಮಧ್ಯದಲ್ಲಿ ಆಡುತ್ತಿದ್ದರು. ಅವರ ಹಳೆಯ ಪಂದ್ಯಗಳ ವಿಡಿಯೋ ಸಿಕ್ಕರೆ ಒಬ್ಬ ಸರಿದಾಗ ಇನ್ನೊಬ್ಬ ಏನು ಮಾಡುತ್ತಾನೆ ಅನ್ನೋದನ್ನೇ ನೋಡಿ.

ಯಾರನ್ನು ನಿಲ್ಲಿಸಬೇಕು

ನಾನು ಮಾಡಿದ ದೊಡ್ಡ ತಪ್ಪು ಇಲ್ಲಿದೆ. ಓಡಲಾರದವನನ್ನು, ಮಾತು ಕೇಳುವವನನ್ನು, ಬೇರೆಲ್ಲೂ ಸಲ್ಲದವನನ್ನು 6ನೇ ಜಾಗಕ್ಕೆ ಹಾಕಿದೆ. ತಂಡದಲ್ಲೇ ಅತಿ ಬುದ್ಧಿಯ ಹುಡುಗ ಬೇಕಾದ ಜಾಗ ಅದು. ಆದರೆ ಅಲ್ಲಿ ಆಡಿದವನ ಫೋಟೋ ಪೇಪರಿನಲ್ಲಿ ಬರುವುದಿಲ್ಲ, ಅದಕ್ಕೇ ಬುದ್ಧಿವಂತರು ಒಪ್ಪುವುದಿಲ್ಲ.

ಅಂಥವರಿಗೆ ಇದೇ ಜಾಗದಲ್ಲಿ ಆಡುತ್ತಿದ್ದ ಕ್ಲೋಡ್ ಮೆಕೆಲೆಲೆ ಕತೆ ಹೇಳಿ. 2003ರ ಬೇಸಿಗೆಯಲ್ಲಿ ರಿಯಲ್ ಮ್ಯಾಡ್ರಿಡ್ ಡೇವಿಡ್ ಬೆಕ್‌ಹ್ಯಾಮ್‌ರನ್ನು ತಂದಿತು, ಮೆಕೆಲೆಲೆಯನ್ನು ಇಂಗ್ಲೆಂಡಿನ ಚೆಲ್ಸಿಗೆ ಬಿಟ್ಟುಕೊಟ್ಟಿತು. ಆ ವರ್ಷವಷ್ಟೇ ಸ್ಪೇನ್ ಲೀಗ್ ಗೆದ್ದಿದ್ದ ರಿಯಲ್‌ಗೆ ಮತ್ತೆ ಲೀಗ್ ಸಿಕ್ಕಿದ್ದು 2006-07ರಲ್ಲಿ. ಚೆಲ್ಸಿ 2004-05ರಲ್ಲಿ ಇಡೀ ಲೀಗ್‌ನ 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 15 ಗೋಲು, ಚಾಂಪಿಯನ್ ಕೂಡ ಆಯಿತು. ಇದೆಲ್ಲ ಒಬ್ಬನಿಂದಲೇ ಆಯಿತು ಅಂದರೆ ಉತ್ಪ್ರೇಕ್ಷೆ, ಡಿಫೆಂಡರ್ ಜಾನ್ ಟೆರಿ, ಗೋಲ್‌ಕೀಪರ್ ಪೆಟ್ರ್ ಚೆಕ್ ಇದ್ದ ತಂಡ ಅದು. ಆದರೂ ಆ ಜಾಗವನ್ನು ಇಂಗ್ಲೆಂಡಿನಲ್ಲಿ ಇವತ್ತಿಗೂ 'ಮೆಕೆಲೆಲೆ ರೋಲ್' ಅನ್ನುತ್ತಾರೆ. ಹೆಸರು ಹಾಗೆ ಉಳಿಯುವುದು ಸುಮ್ಮನೆ ಅಲ್ಲ. ಲೆಸ್ಟರ್ ಸಿಟಿಯದ್ದೂ ಇದೇ ತರಹ. 2015-16ರಲ್ಲಿ ಎನ್ಗೊಲೊ ಕಾಂಟೆ ಮಧ್ಯದಲ್ಲಿದ್ದಾಗ ಚಾಂಪಿಯನ್. ಅವರು ಚೆಲ್ಸಿಗೆ ಹೋದ ಮುಂದಿನ ಸೀಸನ್‌ನಲ್ಲಿ 12ನೇ ಸ್ಥಾನ, ಆ ವರ್ಷದ ಚಾಂಪಿಯನ್ ಚೆಲ್ಸಿ.

ಹಾಗಂತ ಎಲ್ಲ ಮಿಡ್‌ಫೀಲ್ಡರ್‌ಗಳನ್ನೂ ಕಟ್ಟಿಹಾಕಬೇಡಿ. ಗೆಜ್ಜೆ ಕಟ್ಟಿದಂತೆ ಚೆಂಡು ಆಡಿಸುವ ಹುಡುಗನೊಬ್ಬ ಸಿಕ್ಕರೆ ಅವನನ್ನು 10ನೇ ಜಾಗದಲ್ಲಿ ಬಿಡಿ, ಅವನ ಬೆನ್ನಿಗೆ ಇಬ್ಬರನ್ನು ನಿಲ್ಲಿಸಿ, ಅವನು ಹಿಂದಕ್ಕೆ ಬರಲಿಲ್ಲ ಅಂತ ರೇಗಬೇಡಿ. 4-2-3-1 ಅಂತ ಜನ ಆಡುವುದು ಹೆಚ್ಚುಕಡಿಮೆ ಇದಕ್ಕೇ. ಅವನ ಅಲೆದಾಟಕ್ಕೆ ಬೆಲೆ ಕೊಡುವವರು ಆ ಇಬ್ಬರು, ಅದನ್ನು ಎಲ್ಲರೆದುರು ಹೇಳಿ. ಹೇಳದಿದ್ದರೆ ಒಂದು ತಿಂಗಳೊಳಗೆ ಆ ಇಬ್ಬರಿಗೂ 10ನೇ ನಂಬರ್ ಅಂಗಿ ಬೇಕಾಗುತ್ತದೆ.

ಮಧ್ಯಂತರದಲ್ಲಿ

ನೋಟ್‌ಬುಕ್ಕಿನವನು ಮೆಟ್ಟಿಲಿಳಿದು ಬರುವವರೆಗೆ ನೀವು ಬಾಯಿ ತೆರೆಯಬೇಡಿ. ಹುಡುಗರು ನೀರು ಕುಡಿಯಲಿ, ಕಿತ್ತಳೆ ಸುಲಿಯಲಿ. ಅವನು ಗೀಟು ಎಣಿಸಿ ಸಂಖ್ಯೆ ಹೇಳಲಿ, ನೀವಲ್ಲ. ಎಂಟು ಗೀಟು ಅಂದರೆ ತೂಬು ಎಂಟು ಸಲ ಖಾಲಿ. ಯಾವ ಕಡೆಯಿಂದ ಹೆಚ್ಚು ಅಂತ ಕೇಳಿ, ಆ ಕಡೆಯ 8ನೇ ನಂಬರಿನವನಿಗೂ ಫುಲ್‌ಬ್ಯಾಕ್‌ಗೂ ಒಂದೇ ಮಾತು: ಇಬ್ಬರಲ್ಲಿ ಒಬ್ಬರೇ ಏರಿ. ಉಳಿದವರಿಗೆ ಏನೂ ಹೇಳಬೇಡಿ. ಹತ್ತು ನಿಮಿಷದಲ್ಲಿ ಹತ್ತು ತಿದ್ದುಪಡಿ ಹೇಳಿದರೆ ಮೈದಾನಕ್ಕೆ ಒಂದೂ ತಲುಪುವುದಿಲ್ಲ.

ನಮ್ಮ ಆ 6ನೇ ನಂಬರಿನವನಿಗೆ ಹಿಮ್ಮಡಿ ಉಳುಕಿ ಒಂದು ಪಂದ್ಯ ಹೊರಗೆ ಕೂತಾಗ ನೋಟ್‌ಬುಕ್ಕು ಅವನ ಕೈಗೇ ಕೊಟ್ಟಿದ್ದೆ. ಮಧ್ಯಂತರಕ್ಕೆ ಕುಂಟುತ್ತಾ ಕೆಳಗಿಳಿದು ಬಂದ. ಪುಟದಲ್ಲಿ ಐದು ಗೀಟು, ಅವನ ಜಾಗದಲ್ಲಿ ಆಡುತ್ತಿದ್ದ ಹುಡುಗನ ಹೆಸರು ಐದು ಸಲ. "ಅಲ್ಲಾ ಸಾರ್, ಇವನು ಥ್ರೋ ಎಸೆಯೋಕೆ ಅಲ್ಲಿವರೆಗೂ ಯಾಕೆ ಓಡ್ತಾನೆ?" ಅಂತ ಕೇಳಿದ.